ಗಾಡಿ ಎಲ್ಲಿ ಬಿಡೋದು?

ಹರಿಹರ ತಾಲ್ಲೂಕಿನ ನಂದಿಗುಡಿಯಿಂದ ಉಕ್ಕಡಗಾತ್ರಿಯ ಅಜ್ಜಯ್ಯನ ಜಾತ್ರೆಗೆ ಹಿಂದೆಲ್ಲ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರು, ಗಾಡಿ ಎಲ್ಲಿ ಬಿಡಬೇಕೆಂದು ತಲೆ ಕೆಡಿಸಿಕೊಂಡದ್ದಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಬೇಕಾದಷ್ಟು ಬಯಲಿತ್ತು. ನೊಗ ಇಳಿಸಿ, ಎತ್ತು ಬಿಚ್ಚಿ ಗಾಲಿಗೆ ಕಟ್ಟಿ, ಮುಂದೆ ಒಂದು ಹೊರೆ ಹುಲ್ಲು ಹಾಕಿದರೆ ಮುಗಿಯಿತು. ಬುತ್ತಿ ಬಿಚ್ಚುವುದು ಗಾಡಿಯ ನೆರಳಲ್ಲೇ, ಮಕ್ಕಳನ್ನು ಮಲಗಿಸುವುದು ಗಾಡಿಯ ಅಡಿಯಲ್ಲೇ. ನಿಂತ ಜಾಗಕ್ಕೆ ಕಾಸು ಕೊಡಬೇಕೆಂದು ಯಾರಾದರೂ ಹೇಳಿದ್ದರೆ ಆ ಕಾಲದವರು ನಕ್ಕುಬಿಡುತ್ತಿದ್ದರು.

ಆ ಕಾಲದ ಹಿರಿಯರೊಬ್ಬರು 2023ರಲ್ಲಿ ಬೆಂಗಳೂರಿನ ಬಸವನಗುಡಿಯ ಒಂದು ಬೀದಿಯಲ್ಲಿ, ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಮಗನನ್ನು ಕೇಳಿದರು: "ಅಲ್ಲಪ್ಪಾ, ಗಾಡಿ ಎಲ್ಲಿ ಬಿಡೋದು?"

ಮಗನ ಬಳಿ ಉತ್ತರವಿರಲಿಲ್ಲ. ಆ ಹೊತ್ತಿಗೆ ಅವರು ಅದೇ ಬೀದಿಗೆ ಮೂರನೆಯ ಸಲ ಬಂದಿದ್ದರು.

ಅವರು ಬಂದದ್ದು ವಿಹಾರಕ್ಕಲ್ಲ. ಮೊಮ್ಮಗಳಿಗೆ ಸಿಇಟಿಯ ಎರಡನೇ ಸುತ್ತಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಶುಲ್ಕ ಕಟ್ಟಿ, ಪ್ರವೇಶ ಪತ್ರ ತೆಗೆದುಕೊಂಡು, ಮೂಲ ದಾಖಲೆಗಳೊಂದಿಗೆ ಕಾಲೇಜಿಗೆ ಹಾಜರಾಗಲು ಅದೇ ಕೊನೆಯ ದಿನ, ಸಂಜೆ ಐದೂವರೆ ಗಡುವು. ಕೊನೆಯ ದಿನದವರೆಗೆ ಏಕೆ ಕಾದರು ಎಂದು ಓದುಗರು ಕೇಳಬಹುದು. ಭದ್ರಾ ನಾಲೆಯ ಕೊನೆಯ ಭಾಗದ ಮೂರು ಎಕರೆ ಗದ್ದೆಯ ಆದಾಯದಲ್ಲಿ ಮಗಳನ್ನು ಓದಿಸುವವನಿಗೆ ಶುಲ್ಕದ ಹಣ ಹೊಂದಿಸಲು ಆ ನಾಲ್ಕು ದಿನಗಳು ಬೇಕಾಗಿದ್ದವು, ಅಷ್ಟೇ.

ಇನ್ನೊಂದು ಪ್ರಶ್ನೆಯೂ ಇದೆ. ರೈಲಿಗೆ ಏಕೆ ಹೋಗಲಿಲ್ಲ? ದಾವಣಗೆರೆಯಿಂದ ಬೆಂಗಳೂರಿಗೆ ರೈಲುಗಳಿಗೆ ಬರವಿಲ್ಲ. ಅದೇ 2023ರ ಜೂನ್ 27ರಂದು ಆರಂಭವಾದ ಧಾರವಾಡ-ಬೆಂಗಳೂರು ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತದೆ. ಆದರೆ ಹೆಣ್ಣುಮಗಳೊಬ್ಬಳು ಮೊದಲ ಬಾರಿಗೆ ಮನೆ ಬಿಟ್ಟು ಹೋಗುವಾಗ ಮನೆಯ ಅರ್ಧ ಭಾಗವೇ ಅವಳ ಜೊತೆ ಹೊರಡುತ್ತದೆ. ಹಾಸಿಗೆ ಸುರುಳಿ, ಟ್ರಂಕು, ಬಕೆಟ್ಟು, ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಜ್ಜಿ ಬಟ್ಟೆ ಸುತ್ತಿ ಕೊಟ್ಟ ಉಪ್ಪಿನಕಾಯಿ ಜಾಡಿ, ಒಂದು ಚೀಲ ಮಂಡಕ್ಕಿ. ಇಷ್ಟನ್ನೂ ಹೊತ್ತು ರೈಲು ಹತ್ತಿ ಇಳಿಯುವುದು ಆಗದ ಮಾತೆಂದು ಮಲೇಬೆನ್ನೂರಿನ ಭಾವಮೈದುನನ ಕಾರು ಕೇಳಿ ತಂದರು. ಮೊಮ್ಮಗಳು ಎಲ್ಲಿ ಇರುತ್ತಾಳೋ ನೋಡಬೇಕೆಂದು ಅಜ್ಜನೂ ಹತ್ತಿ ಕುಳಿತರು.

ಹೆದ್ದಾರಿಯಲ್ಲಿ ತೊಂದರೆಯೇನೂ ಆಗಲಿಲ್ಲ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಸರಸರನೆ ಹಿಂದೆ ಸರಿದವು. ನೆಲಮಂಗಲ ದಾಟಿದ ಮೇಲೆ ವೇಗ ತಗ್ಗಿತು. ಗೊರಗುಂಟೆಪಾಳ್ಯದಲ್ಲಿ ಮುಕ್ಕಾಲು ಗಂಟೆ ಹೋಯಿತು. ಬಸವನಗುಡಿಯ ಸುತ್ತಿನಲ್ಲಿದ್ದ ಆ ಕಾಲೇಜಿನ ಗೇಟು ಮುಟ್ಟಿದಾಗ ಮಧ್ಯಾಹ್ನ ಎರಡೂಕಾಲು.

ಗೇಟಿನ ಕಾವಲುಗಾರ ಹೊರಗಿನ ವಾಹನಗಳಿಗೆ ಒಳಗೆ ಜಾಗವಿಲ್ಲವೆಂದ. ಮಾತಿನಲ್ಲಿ ಒರಟುತನವೇನಿರಲಿಲ್ಲ, ಬೆಳಿಗ್ಗೆಯಿಂದ ಅದನ್ನೇ ನೂರು ಜನಕ್ಕೆ ಹೇಳಿ ಅವನಿಗೂ ಸಾಕಾಗಿತ್ತು. ಹಿಂದೆ ಹಾರನ್‌ಗಳು ಕೂಗುತ್ತಿದ್ದವು. ಮಗಳು ದಾಖಲೆಗಳ ಕಡತ ಎದೆಗವಚಿಕೊಂಡು ಇಳಿದಳು. "ನೀ ಹೋಗಿ ಸಾಲಿನಾಗೆ ನಿಂತ್ಕಳವ್ವಾ, ಗಾಡಿ ಬಿಟ್ಟು ಐದು ನಿಮಿಷಕ್ಕೆ ಬರ್ತೀನಿ" ಎಂದರು ತಂದೆ.

ಆ ಐದು ನಿಮಿಷ ಎರಡು ಗಂಟೆಯಾಯಿತು.

ಮೊದಲ ಬೀದಿಯಲ್ಲಿ ಮರದ ನೆರಳು ಚೆನ್ನಾಗಿತ್ತು, ಜಾಗವೂ ಇತ್ತು. ಆದರೆ ಗೇಟಿಗೊಂದರಂತೆ ಫಲಕಗಳು: 'ವಾಹನ ನಿಲ್ಲಿಸಬಾರದು. ನಿಲ್ಲಿಸಿದರೆ ಗಾಳಿ ಬಿಡಲಾಗುವುದು.' ಎರಡನೆಯ ಬೀದಿಯಲ್ಲಿ ಫಲಕ ಇರಲಿಲ್ಲ, ಅದರ ಬದಲು ರಸ್ತೆಯ ಅಂಚಿನಲ್ಲಿ ತುಳಸಿ ಕುಂಡ, ಸಿಮೆಂಟ್ ತುಂಬಿದ ಡಬ್ಬ, ಎರಡು ಸೈಜುಗಲ್ಲು ಇಟ್ಟಿದ್ದರು. ಮನೆಯ ಗೇಟಿಗೆ ಅಡ್ಡಲಾಗಿ ಪರರ ಕಾರು ನಿಂತರೆ ಮನೆಯವರಿಗೆ ಆಗುವ ತೊಂದರೆ ಸಣ್ಣದಲ್ಲ. ಆಸ್ಪತ್ರೆಗೆ ಹೊರಡುವ ಹೊತ್ತಿನಲ್ಲಿ ಹಾಗಾದರೆ ಪ್ರಾಣಕ್ಕೇ ಸಂಚಕಾರ. ಆದರೆ ಗೇಟಿನ ಎರಡೂ ಬದಿಯ ಸಾರ್ವಜನಿಕ ರಸ್ತೆಗೆ ಕುಂಡವಿಟ್ಟು ಕಾಯ್ದಿರಿಸಿಕೊಳ್ಳುವ ಹಕ್ಕು ಯಾರು ಕೊಟ್ಟರು? ಹೊಲದ ಬದುವನ್ನು ವರ್ಷಕ್ಕೆ ಒಂದು ಗೇಣು ಒತ್ತುವವನಿಗೂ ಇವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಗಾಂಧಿ ಬಜಾರಿನ ಕಡೆ ಹೋದರೆ ಆ ವರ್ಷ ರಸ್ತೆ ಕಾಮಗಾರಿ ನಡೆದಿತ್ತು. ಒಂದು ಕಡೆ ಅಗೆತ, ಇನ್ನೊಂದು ಕಡೆ ಏಕಮುಖ ಸಂಚಾರ. ಊರಿಗೆ ಹೊಸಬನಾದವನಿಗೆ ಏಕಮುಖ ರಸ್ತೆ ಎಂಬುದು ಚಕ್ರವ್ಯೂಹವೇ ಸರಿ. ಎಡಕ್ಕೆ ತಿರುಗಬೇಕಾದ ಕಡೆ ಬಲಕ್ಕೆ ತಿರುಗಿದರೆ ಮತ್ತೆ ಅದೇ ಜಾಗಕ್ಕೆ ಬರಲು ಒಂದೂವರೆ ಕಿ.ಮೀ. ಆಗುತ್ತದೆ. ಒಂದು ಕಡೆ ಕಾರೊಂದು ಹೊರಡುವುದು ಕಂಡಿತು. ಇವರು ಹಿಂದಕ್ಕೆ ಸರಿದು ನಿಲ್ಲಿಸುವಷ್ಟರಲ್ಲಿ ಸ್ಕೂಟರಿನ ಹುಡುಗನೊಬ್ಬ ಆ ಜಾಗದ ನಡುಮಧ್ಯೆ ಸ್ಟ್ಯಾಂಡ್ ಹಾಕಿ ಹೋಗಿಯೇಬಿಟ್ಟ.

ಮೂರು ಗಂಟೆಗೆ ಮಗಳ ಫೋನು. "ಅಪ್ಪಾಜಿ, ಎಲ್ಲಿದೀರಿ? ಪಾಲಕರ ಸಹಿ ಬೇಕಂತೆ. ನೀವು ಬರದೆ ನನ್ನ ಅರ್ಜಿ ತಗಳ್ಳಲ್ಲ ಅಂತಿದಾರೆ." ರ‍್ಯಾಗಿಂಗ್ ತಡೆಯ ಮುಚ್ಚಳಿಕೆಗೆ ವಿದ್ಯಾರ್ಥಿಯ ಜೊತೆ ಪಾಲಕರೂ ಸಹಿ ಹಾಕಬೇಕೆಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ತಂದ ನಿಯಮ; ಒಳ್ಳೆಯ ನಿಯಮವೇ. ಆದರೆ ಪಾಲಕ ಸ್ಟೇರಿಂಗ್ ಹಿಡಿದು ಸುತ್ತುತ್ತಿದ್ದರೆ ಸಹಿ ಹಾಕುವವರು ಯಾರು?

ತಂದೆಗೆ ಒಂದು ಉಪಾಯ ಹೊಳೆಯಿತು. ಮುಖ್ಯರಸ್ತೆಯ ಬದಿಗೆ ಕಾರು ನಿಲ್ಲಿಸಿ, "ಅಪ್ಪಾ, ನೀವು ಇಲ್ಲೇ ಕುಂತಿರ‍್ರಿ, ಒಳಗೆ ಜನ ಇದ್ರೆ ಯಾರೂ ಏನೂ ಅನ್ನಲ್ಲ" ಎಂದು ಕಾಲೇಜಿನತ್ತ ಓಡಿದರು. ಒಂದು ಫರ್ಲಾಂಗೂ ಹೋಗಿರಲಿಲ್ಲ, ಹಿಂದೆ ಸೀಟಿ. ಸಂಚಾರ ಪೊಲೀಸರು ಕಾರಿನ ಗಾಜು ತಟ್ಟುತ್ತಿದ್ದರು. ಅಜ್ಜ ಕೈಮುಗಿದು ಕುಳಿತಿದ್ದರು. ಎಪ್ಪತ್ತೆಂಟರ ವಯಸ್ಸಿನ ಅವರಿಗೆ ಎತ್ತು ಹೂಡುವುದು ಗೊತ್ತು, ಕಾರು ತೆಗೆಯುವುದು ಗೊತ್ತಿಲ್ಲ. ಮಗ ಹಿಂದಕ್ಕೆ ಓಡಿಬಂದು ಕಾರು ತೆಗೆದರು. 'ಒಳಗೆ ಜನ ಇದ್ದರೆ ಪರವಾಗಿಲ್ಲ' ಎಂಬುದು ಊರೂರಲ್ಲೂ ಇರುವ ನಂಬಿಕೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಇತರರಿಗೆ ಅಪಾಯ, ಅಡಚಣೆ ಆಗುವಂತೆ ವಾಹನ ನಿಲ್ಲಿಸುವುದನ್ನೇ ನಿಷೇಧಿಸುತ್ತದೆ. ಒಳಗೆ ಯಾರಾದರೂ ಕುಳಿತಿದ್ದಾರೆಂಬುದರಿಂದ ರಸ್ತೆಯೇನೂ ಅಗಲವಾಗುವುದಿಲ್ಲವಲ್ಲ.

ಕೊನೆಗೆ ದಾರಿ ತೋರಿಸಿದವನು ಎಳನೀರು ಮಾರುವವನು. "ಸಾರ್, ಆ ಮೂಲೆ ಛತ್ರದಲ್ಲಿ ಕೇಳಿ. ಇವತ್ತು ಮದುವೆ ಇಲ್ಲ" ಎಂದ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಲ್ಯಾಣಮಂಟಪಗಳಿಗೆ ಕೊರತೆಯಿಲ್ಲ. ಆಷಾಢ, ಪಿತೃಪಕ್ಷ, ಮುಹೂರ್ತವಿಲ್ಲದ ದಿನಗಳಲ್ಲಿ ಅವುಗಳ ಅಂಗಳ ಖಾಲಿ. ಕೆಲವರು ಆ ದಿನ ಕಾರುಗಳನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಛತ್ರದ ಮೇಸ್ತ್ರಿ ಸಂಜೆಯವರೆಗೆ ನೂರೈವತ್ತು ಕೇಳಿದ. ಕೊಸರಾಡಲು ಸಮಯವಿರಲಿಲ್ಲ. ಅಜ್ಜನನ್ನು ಛತ್ರದ ಮೆಟ್ಟಿಲ ಮೇಲೆ ಕೂರಿಸಿ, ಒಂದೂವರೆ ಕಿ.ಮೀ. ದೂರವನ್ನು ಓಟದ ನಡಿಗೆಯಲ್ಲಿ ಮುಗಿಸಿ, ತಂದೆ ಕೌಂಟರಿನ ಮುಂದೆ ನಿಂತಾಗ ನಾಲ್ಕೂಕಾಲು. ಮಗಳು ತನ್ನ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಡುತ್ತಾ ಬಂದು, ಸಾಲಿನ ತುದಿಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಪ್ರವೇಶದ ರಸೀದಿ ಕೈಗೆ ಬಂತು.

ಹೊರಗೆ ಬಂದ ಮೇಲೆ ಅವಳು ಆಡಿದ್ದು ಒಂದೇ ಮಾತು: "ಅಪ್ಪಾಜಿ, ಇನ್ನೊಂದ್ಸಲ ಕಾರು ತರಬೇಡ್ರಿ."

ಅಂದು ಸಂಜೆ ಅವಳನ್ನು ಬಿಟ್ಟುಬರಲು ಹೋದ ಪಿ.ಜಿ.ಯ ಕೋಣೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಹತ್ತಡಿ ಹನ್ನೆರಡಡಿಯ ಕೋಣೆ, ಮೂರು ಮಂಚ, ಮೂರು ಕಪಾಟು. ಮೂವರು ಹುಡುಗಿಯರಿಂದ ಊಟ ಸೇರಿ ತಿಂಗಳಿಗೆ ಇಪ್ಪತ್ತೊಂದು ಸಾವಿರ ರೂಪಾಯಿ. ತಂದೆ ಅಷ್ಟು ದುಡ್ಡಿಗೆ ಇಷ್ಟೇ ಜಾಗವೇ ಎಂದು ಗೊಣಗಿದರು. ಪಿಯುಸಿಯಲ್ಲಿ ಭೌತಶಾಸ್ತ್ರ ಚೆನ್ನಾಗಿ ಕಲಿತ ಹುಡುಗಿ ಅಲ್ಲೇ ಕಡತದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಒಂದು ಕಾರು ನಿಲ್ಲಲು, ಬಾಗಿಲು ತೆರೆಯುವ ಜಾಗ ಸೇರಿ, ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ 12.5 ಚದರ ಮೀಟರ್, ಸುಮಾರು 134 ಚದರಡಿ. ಕೋಣೆಯ ವಿಸ್ತೀರ್ಣ 120 ಚದರಡಿ. "ನೋಡ್ರಿ ಅಪ್ಪಾಜಿ, ಮೂರು ಜನ ಇರೋ ಕೋಣೆಗಿಂತ ಮಾಮನ ಕಾರಿಗೇ ಜಾಸ್ತಿ ಜಾಗ ಬೇಕು."

ಇಪ್ಪತ್ತೊಂದು ಸಾವಿರವನ್ನು ತಿಂಗಳ 720 ಗಂಟೆಗಳಿಗೆ ಭಾಗಿಸಿದರೆ ಗಂಟೆಗೆ 29 ರೂಪಾಯಿ. ಅದರಲ್ಲಿ ಊಟದ ಪಾಲೂ ಇದೆ ಎನ್ನಿ. ಆದರೂ ಆ ಬಡಾವಣೆಯಲ್ಲಿ ಅಷ್ಟು ನೆಲದ ಬೆಲೆ ಏನೆಂಬುದು ಅಂದಾಜಿಗೆ ಸಿಗುತ್ತದೆ. ಮಧ್ಯಾಹ್ನವೆಲ್ಲ ಆ ತಂದೆ ಹುಡುಕಿದ್ದು ಅಷ್ಟೇ ನೆಲವನ್ನು, ಅದೂ ಬಿಟ್ಟಿಯಾಗಿ.

ರೈತನಿಗೆ ಚದರಡಿಯ ಲೆಕ್ಕಕ್ಕಿಂತ ಗುಂಟೆಯ ಲೆಕ್ಕ ಬೇಗ ಅರ್ಥವಾಗುತ್ತದೆ. ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಒಂದು ಗುಂಟೆಯಲ್ಲಿ ಎಂಟು ಕಾರು ಹಿಡಿಯುತ್ತವೆ. ಎಕರೆಗೆ 25 ಕ್ವಿಂಟಲ್ ಭತ್ತ ಬೆಳೆಯುವ ಗದ್ದೆಯಾದರೆ, ಒಂದು ಕಾರು ನಿಲ್ಲುವ ಜಾಗದಲ್ಲಿ ಬೆಳೆಯೊಂದಕ್ಕೆ ಎಂಟು ಕಿಲೋದಷ್ಟು ಭತ್ತ ಬರುತ್ತದೆ. ನಂದಿಗುಡಿಯಲ್ಲಿ ಆ ನೆಲದ ದುಡಿಮೆ ಅಷ್ಟು. ಬೆಂಗಳೂರಿನಲ್ಲಿ ಅದೇ ನೆಲ ಮೂವರಿಗೆ ಸೂರು. ಕಾರೊಂದು ಇಡೀ ದಿನ ಅದರ ಮೇಲೆ ಸುಮ್ಮನೆ ಮಲಗಿರುವುದು ಎಷ್ಟು ದುಬಾರಿ ಎಂಬುದು ಆಗ ಹೊಳೆಯುತ್ತದೆ.

ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಹೆಚ್ಚಿನವು ದ್ವಿಚಕ್ರ ವಾಹನಗಳು. ಅವುಗಳಲ್ಲಿ 25 ಲಕ್ಷ ಕಾರುಗಳೆಂದು ಇಟ್ಟುಕೊಂಡು, ಎಲ್ಲವನ್ನೂ ಒಂದರ ಪಕ್ಕ ಒಂದು ನಿಲ್ಲಿಸಿದರೆ 31 ಚದರ ಕಿ.ಮೀ. ನೆಲ ಬೇಕು, ಅಂದರೆ ಏಳೂವರೆ ಸಾವಿರ ಎಕರೆಗೂ ಹೆಚ್ಚು. ಹೊರಗೆ ತೆಗೆಯಲು ದಾರಿ ಬಿಟ್ಟರೆ ಇದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಕಾರಿಗೆ ರಾತ್ರಿ ಮನೆಯ ಬಳಿ, ಹಗಲು ಕಚೇರಿಯ ಬಳಿ, ಸಂಜೆ ಅಂಗಡಿಯ ಬಳಿ ಬೇರೆ ಬೇರೆ ಜಾಗ ಬೇಕು. ಮನುಷ್ಯ ಒಂದು ಕಡೆ ಇದ್ದಾಗ ಇನ್ನೊಂದು ಕಡೆಯ ಕುರ್ಚಿ ಖಾಲಿ ಇರುವಂತೆ, ಈ ಜಾಗಗಳೂ ಸರದಿಯಲ್ಲಿ ಖಾಲಿ ಬಿದ್ದಿರುತ್ತವೆ. ಛತ್ರದ ಅಂಗಳದಂತೆ.

ಈ ವಿಷಯದ ಬೆನ್ನುಹತ್ತಿ ಜೀವಮಾನವಿಡೀ ಕೆಲಸ ಮಾಡಿದವರು ಅಮೆರಿಕದ ಲಾಸ್ ಏಂಜಲೀಸ್‌ನ ಪ್ರಾಧ್ಯಾಪಕ ಡೊನಾಲ್ಡ್ ಶೂಪ್. 2025ರಲ್ಲಿ ತೀರಿಕೊಂಡ ಅವರು 2005ರಲ್ಲಿ ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ನಿಲ್ಲಿಸಲು ಜಾಗ ಹುಡುಕುತ್ತಾ ಸುತ್ತುವ ವಾಹನಗಳ ಬಗ್ಗೆ 1927ರಿಂದ 2001ರವರೆಗೆ ಬೇರೆ ಬೇರೆ ನಗರಗಳಲ್ಲಿ ನಡೆದ ಅಧ್ಯಯನಗಳನ್ನು ಅವರು ಒಟ್ಟುಗೂಡಿಸಿ ನೋಡಿದರು. ನಗರದ ಕಿಕ್ಕಿರಿದ ನಡುಭಾಗದಲ್ಲಿ ಓಡಾಡುವ ವಾಹನಗಳಲ್ಲಿ ಸರಾಸರಿ ನೂರಕ್ಕೆ ಮೂವತ್ತರಷ್ಟು ಎಲ್ಲಿಗೂ ಹೋಗುತ್ತಿರಲಿಲ್ಲ, ಜಾಗ ಹುಡುಕುತ್ತಿದ್ದವು! ಒಂದೊಂದಕ್ಕೂ ಸರಾಸರಿ ಎಂಟು ನಿಮಿಷ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಎಂಟು ನಿಮಿಷವೆಂದರೆ ಎರಡು ಕಿ.ಮೀ. ದಿನಕ್ಕೆ ನೂರೈವತ್ತು ಕಾರುಗಳು ಒಂದು ಬೀದಿಯ ಸುತ್ತ ಹೀಗೆ ಸುತ್ತಿದರೆ 300 ಕಿ.ಮೀ.; ನಂದಿಗುಡಿಯಿಂದ ಬೆಂಗಳೂರಿಗೆ ಬರುವಷ್ಟು ದಾರಿ. ಅಷ್ಟು ಪೆಟ್ರೋಲು ಹೊಗೆಯಾಗಿ ಹೋಯಿತು, ಯಾರೂ ಎಲ್ಲಿಗೂ ತಲುಪಲಿಲ್ಲ. ಆ ದಿನ ಭಾವಮೈದುನನ ಕಾರಿನ ಮೀಟರಿನಲ್ಲಿ ಬಸವನಗುಡಿಯ ಸುತ್ತಾಟಕ್ಕೇ ಒಂಬತ್ತು ಕಿ.ಮೀ. ಏರಿತ್ತು.

ವಿದ್ಯಾರ್ಥಿಗಳಿಗೆ ಇದು ರಸಾಯನಶಾಸ್ತ್ರದ ಪಾಠದಿಂದ ಸುಲಭವಾಗಿ ತಿಳಿಯುತ್ತದೆ. ಒಂದು ಲೋಟ ನೀರಿಗೆ ಸಕ್ಕರೆ ಹಾಕುತ್ತಾ ಹೋದರೆ ಮೊದಲ ಚಮಚಗಳು ಕ್ಷಣದಲ್ಲಿ ಕರಗುತ್ತವೆ. ಒಂದು ಹಂತ ಬಂದ ಮೇಲೆ, ಎಷ್ಟು ಕಲಕಿದರೂ ಕೊನೆಯ ಚಮಚ ಕರಗದೆ ಸುಳಿಯಲ್ಲಿ ಸುತ್ತುತ್ತಿರುತ್ತದೆ. ಅದು ಸಂತೃಪ್ತ ದ್ರಾವಣ. ನಿಲುಗಡೆಯ ಜಾಗವೆಲ್ಲ ತುಂಬಿದ ಬೀದಿಗೆ ಬಂದ ಕಾರು ಆ ಕೊನೆಯ ಚಮಚ ಸಕ್ಕರೆ. ಶೂಪ್ ಹೇಳಿದ್ದು ಇಷ್ಟೇ: ಬೀದಿಯ ಜಾಗ ನೂರಕ್ಕೆ ಎಂಬತ್ತೈದರಷ್ಟು ತುಂಬಿ, ಒಂದೆರಡು ಸದಾ ಖಾಲಿ ಉಳಿಯುವಂತೆ ಶುಲ್ಕ ಇಡಬೇಕು. ಜನ ಕಡಿಮೆ ಇರುವ ಹೊತ್ತಿನಲ್ಲಿ ಕಡಿಮೆ, ಹೆಚ್ಚಿರುವ ಹೊತ್ತಿನಲ್ಲಿ ಹೆಚ್ಚು. ಆಗ ನಿಜವಾಗಿ ಅಗತ್ಯವಿದ್ದವನಿಗೆ ಜಾಗ ಸಿಗುತ್ತದೆ, ಇಡೀ ದಿನ ಬಿಟ್ಟುಹೋಗುವವನು ಬೇರೆ ದಾರಿ ನೋಡಿಕೊಳ್ಳುತ್ತಾನೆ.

ಬಡವನಿಗೆ ಇದು ಹೊರೆಯಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಬಿಟ್ಟಿ ಜಾಗದ ಲಾಭ ಬೆಳಿಗ್ಗೆ ಏಳಕ್ಕೇ ಬಂದು ಕಾರು ನಿಲ್ಲಿಸಿ ಹೋದ ಸ್ಥಳೀಯನಿಗೆ ಸಿಕ್ಕಿತೇ ಹೊರತು ಮಧ್ಯಾಹ್ನ ಎರಡಕ್ಕೆ ಊರಿನಿಂದ ಬಂದವನಿಗೆ ಸಿಗಲಿಲ್ಲವಲ್ಲ. ಎರಡು ಗಂಟೆಗೆ ಐವತ್ತು ರೂಪಾಯಿ ಕೊಟ್ಟು ಕಾಲೇಜಿನ ಹತ್ತಿರವೇ ನಿಲ್ಲಿಸುವ ಅವಕಾಶವಿದ್ದಿದ್ದರೆ ಆ ತಂದೆ ಸಂತೋಷದಿಂದ ಕೊಡುತ್ತಿದ್ದರು.

ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ನಿಂತದ್ದು 1935ರ ಜುಲೈ 16ರಂದು, ಅಮೆರಿಕದ ಒಕ್ಲಹಾಮ ನಗರದಲ್ಲಿ. ಗಂಟೆಗೆ ಐದು ಸೆಂಟಿನ ಒಂದು ನಾಣ್ಯ. ಅಲ್ಲಿಯ ವರ್ತಕರು ಗೋಳಾಡಿದ್ದು ಇಂದಿನ ಬೆಂಗಳೂರಿನ ಗೋಳನ್ನೇ: ಕೆಲಸಗಾರರ ಕಾರುಗಳು ಇಡೀ ದಿನ ಅಂಗಡಿಯ ಮುಂದೆ ನಿಂತು ಗಿರಾಕಿಗಳಿಗೆ ಜಾಗವಿಲ್ಲದಂತಾಗಿದೆ ಎಂದು. ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1962ರ ಕಾನೂನಿನಂತೆ, ರಸ್ತೆಯಲ್ಲದ ಕಡೆ ತನಗೆ ನಿಲುಗಡೆಯ ಜಾಗವಿದೆ ಎಂಬ ಪ್ರಮಾಣಪತ್ರವಿಲ್ಲದೆ ಅಲ್ಲಿನ ನಗರಗಳಲ್ಲಿ ಕಾರು ನೋಂದಣಿಯಾಗುವುದಿಲ್ಲ. ಕೊಟ್ಟಿಗೆ ಕಟ್ಟಿಸಿಯೇ ಎತ್ತು ತರುವ ನಮ್ಮ ಹಳ್ಳಿಗಳ ಪದ್ಧತಿಗೆ ಇದು ಹತ್ತಿರ. ಬೆಂಗಳೂರಿನ ತುಳಸಿ ಕುಂಡದ ಬೀದಿಯಲ್ಲಿ ಈ ನಿಯಮ ತಂದರೆ ಎಷ್ಟು ಕಾರು ಉಳಿದಾವು ಎಂದು ಯೋಚಿಸಿದರೆ ನಗು ಬರುತ್ತದೆ.

ಇರಲಿ. ನಂದಿಗುಡಿಯವರ ಕಥೆಗೆ ಬರೋಣ.

ಆ ಪ್ರಯಾಣ ಮುಗಿದು ತಿಂಗಳೊಪ್ಪತ್ತಿನಲ್ಲಿ ಮಲೇಬೆನ್ನೂರಿನ ಭಾವಮೈದುನನ ಮೊಬೈಲಿಗೆ ಒಂದು ಸಂದೇಶ ಬಂತು. ನಿಲುಗಡೆ ನಿಷೇಧಿತ ಸ್ಥಳದಲ್ಲಿ ವಾಹನ ನಿಲ್ಲಿಸಿದ್ದಕ್ಕೆ ದಂಡ. ಅಜ್ಜ ಕೈಮುಗಿದು ಕುಳಿತಿದ್ದ ಆ ಹತ್ತು ನಿಮಿಷದ ಫೋಟೋ! ತಂದೆ ನಾಚಿಕೆಪಟ್ಟು ಮರುದಿನವೇ ಪೂರ್ತಿ ಹಣ ಕಟ್ಟಿದರು. ಕಟ್ಟದೆ ಕಾದವರಿಗೆ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. 2023ರ ಫೆಬ್ರುವರಿಯಲ್ಲೂ ಹಾಗೆಯೇ ಕೊಟ್ಟಿತ್ತು. ಮನೆಪಾಠ ಸಮಯಕ್ಕೆ ಮಾಡಿದ ಹುಡುಗನನ್ನು ಬಿಟ್ಟು ಮಾಡದವನಿಗೆ ಪೆಪ್ಪರಮೆಂಟು ಹಂಚುವ ಮೇಷ್ಟ್ರನ್ನು ಯಾವ ಶಾಲೆಯೂ ಇಟ್ಟುಕೊಳ್ಳಲಾರದು.

ಮುಂದಿನ ವರ್ಷ, 2024ರ ಕೊನೆಯಲ್ಲಿ, ಮತ್ತೆ ಕಾರಿನಲ್ಲೇ ಹೋಗಬೇಕಾಗಿ ಬಂತು. ಮಗಳು ಕೋಣೆ ಬದಲಿಸುವವಳಿದ್ದಳು. ತಾಯಿಗೂ ಮಗಳನ್ನು ನೋಡುವ ಆಸೆ. ಈ ಸಲ ದಾರಿ ಹುಡುಕಿದವಳು ಮಗಳೇ. ಅವಳ ಉಪಾಯ ಸರಳವಾಗಿತ್ತು: ಕಾರನ್ನು ಊರೊಳಗೆ ತರುವುದೇ ಬೇಡ.

ತುಮಕೂರು ರಸ್ತೆಯಲ್ಲಿ ಬರುವವರಿಗೆ ನಮ್ಮ ಮೆಟ್ರೋದ ಹಸಿರು ಮಾರ್ಗ ಊರಬಾಗಿಲಿನಲ್ಲೇ ಸಿಗುತ್ತದೆ. ನಾಗಸಂದ್ರ ನಿಲ್ದಾಣ ಆರಂಭವಾದದ್ದು 2015ರ ಮೇ 1ರಂದು. 2024ರ ನವೆಂಬರಿನಲ್ಲಿ ಮಾರ್ಗ ಇನ್ನೂ ಹೊರಕ್ಕೆ, ಮಾದಾವರದವರೆಗೆ ಬೆಳೆಯಿತು. ನಾಗಸಂದ್ರದಲ್ಲಿ ನಿಲ್ದಾಣದ ಪಕ್ಕದಲ್ಲೇ ವಾಹನ ನಿಲುಗಡೆಗೆ ಜಾಗವಿದೆ. ಗೊರಗುಂಟೆಪಾಳ್ಯದ ಮುಕ್ಕಾಲು ಗಂಟೆಯ ಮೊದಲೇ ಕಾರು ನಿಂತುಬಿಡುತ್ತದೆ. ಅಲ್ಲಿ ಹತ್ತಿದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ದಾಟಿ ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ಗಾಡಿ ಬದಲಿಸುವ ಗೋಜಿಲ್ಲ. ವೈಟ್‌ಫೀಲ್ಡ್ ಅಥವಾ ಮೈಸೂರು ರಸ್ತೆಯ ಕಡೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯಬೇಕು. ಅಂದಹಾಗೆ, ಆ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು. ನೀರು ನಿಲ್ಲುತ್ತಿದ್ದಲ್ಲಿ ಈಗ ಬಸ್ಸು ನಿಲ್ಲುತ್ತವೆ.

ಮೆಟ್ರೋ ಪ್ರಯಾಣ ದರ 2025ರ ಫೆಬ್ರುವರಿಯಲ್ಲಿ ಏರಿತು; ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ನಾಲ್ಕು ಜನರಿದ್ದರೆ ಹೋಗಿಬರುವ ಟಿಕೆಟ್ ಹಣ ಸಣ್ಣದೇನಲ್ಲ. ಆದ್ದರಿಂದ ಇದು ಎಲ್ಲರಿಗೂ ಎಲ್ಲ ದಿನಕ್ಕೂ ಅಗ್ಗವೆಂದು ಹೇಳಲಾಗದು. ಒಬ್ಬಿಬ್ಬರಿದ್ದು ಇಡೀ ದಿನದ ಕೆಲಸವಿದ್ದರೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಊರ ನಡುವೆ ಒಂದೆರಡು ಗಂಟೆಯ ಕೆಲಸ ಮಾತ್ರ ಇದ್ದು, ಜೊತೆಗೆ ವಯಸ್ಸಾದವರಿದ್ದರೆ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ನಿಲುಗಡೆ ಕಟ್ಟಡ ಉಪಯೋಗಕ್ಕೆ ಬರುತ್ತದೆ. ಹಳೆಯ ಕೇಂದ್ರ ಕಾರಾಗೃಹವೇ 2008ರಲ್ಲಿ ಫ್ರೀಡಂ ಪಾರ್ಕ್ ಆದದ್ದು. ಅದರ ಪಕ್ಕದ ಈ ಕಟ್ಟಡದಲ್ಲಿ 500ಕ್ಕೂ ಹೆಚ್ಚು ಕಾರುಗಳಿಗೆ ಜಾಗವಿದೆ. ಕಟ್ಟಿ ಮುಗಿಸಿದ ಮೇಲೂ ಬೀಗ ಹಾಕಿಕೊಂಡಿದ್ದ ಅದು ತೆರೆದದ್ದು 2024ರ ಜೂನ್‌ನಲ್ಲಿ. ಗಾಂಧಿನಗರ, ಮೆಜೆಸ್ಟಿಕ್ ಕಡೆಯ ಕೆಲಸಗಳಿಗೆ ಅಲ್ಲಿಂದ ನಡೆಯಬಹುದು, ಇಲ್ಲವೇ ಆಟೋ ಹಿಡಿಯಬಹುದು. ರೈಲು ನಿಲ್ದಾಣದ ನಿಲುಗಡೆ ಯಾರನ್ನಾದರೂ ಹತ್ತಿಸಿ ಕಳಿಸಲು ಸರಿ. ಗಂಟೆ ಕಳೆದಂತೆ ದರ ಏರುವ ಕಡೆ ಇಡೀ ದಿನ ಕಾರು ಬಿಟ್ಟುಹೋಗುವುದು ಜಾಣತನವಲ್ಲ.

ಆ ಸಲ ನಾಗಸಂದ್ರದಲ್ಲಿ ತಂದೆ ಕಾರು ನಿಲ್ಲಿಸಿ, ಅಭ್ಯಾಸ ಬಲದಿಂದ ಎರಡು ಸಲ ಹಿಂದಿರುಗಿ ನೋಡಿದರು. ಪರರ ವಸ್ತು, ಭಯ ಇದ್ದೇ ಇರುತ್ತದೆ. ಮಗಳು ನಿಲ್ದಾಣಕ್ಕೇ ಬಂದಿದ್ದಳು. ಫಲಕದ ಮುಂದೆ ನಿಲ್ಲಿಸಿ ದರ ಓದಿಸಿದಳು, ಚೀಟಿಯ ಮೇಲಿನ ಕಾರಿನ ನಂಬರು, ಹೊತ್ತು ಸರಿಯಾಗಿದೆಯೇ ನೋಡಿಸಿದಳು, ನಿಲ್ಲಿಸಿದ ಸಾಲಿನ ಫೋಟೋ ತೆಗೆದುಕೊಂಡಳು. ರಾತ್ರಿ ಬಿಡುವುದಾದರೆ ಮೊದಲೇ ಕೇಳಬೇಕು, ಕೊನೆಯ ರೈಲು ಎಷ್ಟು ಹೊತ್ತಿಗೆಂದು ತಿಳಿದಿರಬೇಕು ಎಂದೂ ಹೇಳಿದಳು. ಗದ್ದೆಗೆ ನೀರು ಕಟ್ಟುವುದನ್ನು ಅವಳಿಗೆ ಕಲಿಸಿದ್ದ ತಂದೆ ಈಗ ತಲೆಯಾಡಿಸುತ್ತಾ ಕಲಿಯುತ್ತಿದ್ದರು. ತಾಯಿ ಮಾತ್ರ ಚಲಿಸುವ ಮೆಟ್ಟಿಲಿನ ಮುಂದೆ ಹೆದರಿ ನಿಂತು, ಕೊನೆಗೆ ಕಣ್ಣು ಮುಚ್ಚಿ ಮಗಳ ಭುಜ ಹಿಡಿದು ಹತ್ತಿದರು. ಮುಕ್ಕಾಲು ಗಂಟೆಯೊಳಗೆ ಮೂವರೂ ಬಸವನಗುಡಿಯ ಅಂಚಿನಲ್ಲಿದ್ದರು. ಮಧ್ಯಾಹ್ನ ಅದೇ ತುಳಸಿ ಕುಂಡದ ಬೀದಿಯಲ್ಲಿ ನಡೆದು ಹೋದಾಗ ತಂದೆಗೆ ಅಲ್ಲಿನ ಮರಗಳು ಎಷ್ಟು ದೊಡ್ಡವೆಂದು ಕಂಡಿತು. ಹಿಂದಿನ ಸಲ ಅವರ ಕಣ್ಣಿಗೆ ಫಲಕಗಳಷ್ಟೇ ಬಿದ್ದಿದ್ದವು.

ಮಗಳ ಟ್ರಂಕು ಸಾಗಿಸಲು ಒಂದು ಗೂಡ್ಸ್ ಆಟೋ ಮಾಡಿದರು. ಕಾರು ತಂದಿದ್ದರೂ ಅದು ಆ ಗಲ್ಲಿಯೊಳಗೆ ಹೋಗುತ್ತಿರಲಿಲ್ಲ.

ಈಗ ನಂದಿಗುಡಿಯಲ್ಲಿ ಬೆಂಗಳೂರಿಗೆ ಹೊರಡುವವರು ಆ ಮನೆಯ ಕಟ್ಟೆಗೆ ಬಂದು ಕೂರುವುದು ರೂಢಿಯಾಗಿದೆ. ಮಗನನ್ನು ಕಾಲೇಜಿಗೆ ಸೇರಿಸುವವರು, ಕಿದ್ವಾಯಿಗೋ ಜಯದೇವಕ್ಕೋ ರೋಗಿಯನ್ನು ಕರೆದೊಯ್ಯುವವರು, ಮದುವೆಯ ಸೀರೆಗೆ ಚಿಕ್ಕಪೇಟೆಗೆ ಹೊರಟವರು. ತಂದೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಗೆರೆ ಎಳೆದು ತೋರಿಸುತ್ತಾರೆ: ಇದು ನೆಲಮಂಗಲ, ಇದು ಮಾದಾವರ, ಇದು ನಾಗಸಂದ್ರ, ಕಾರು ಇಲ್ಲಿ. ರೋಗಿ ಜೊತೆಗಿದ್ದರೆ ನೇರ ಆಸ್ಪತ್ರೆಯ ಬಾಗಿಲಿಗೆ ಇಳಿಸಿ, ಆಮೇಲೆ ಜಾಗ ಕೇಳ್ರಿ. ರಸೀದಿ ಕೊಡದವರ ಕೈಗೆ ದುಡ್ಡು ಕೊಡಬೇಡ್ರಿ. ದಾಖಲೆ ಕಾರಿನಲ್ಲಿ ಬಿಡಬೇಡ್ರಿ. ಸಹಿ ಹಾಕುವವರು ಮೊದಲು ಇಳೀರಿ, ಡ್ರೈವರ್ ಬೇರೆ ಇರಲಿ.

ಒಳಗಿನಿಂದ ಅಜ್ಜ ಕೂಗುತ್ತಾರೆ: "ಆ ಛತ್ರದ್ದೂ ಹೇಳಪ್ಪಾ. ಮೆಟ್ಟಿಲ ಮ್ಯಾಲೆ ನೆರಳೈತೆ, ಕುಂದ್ರಾಕೆ ಚೊಲೊ ಐತೆ."